ನಾಯಿಯ ಮೂಳೆ ಕ್ಯಾನ್ಸರ್: ಆಂಟಿಬಾಡಿ ಸ್ಕ್ಯಾನ್ ಬಗ್ಗೆ ಗೊತ್ತಿದ್ದವರು ಹೇಳಿ

ಸಾಗರದಿಂದ ಪ್ರಶ್ನೆ: ನಮ್ಮ ರಾಟ್‌ವೀಲರ್‌ಗೆ ಎಂಟು ವರ್ಷ. ಮುಂಗಾಲಿನ ಮಣಿಕಟ್ಟಿನ ಮೇಲೆ ಗಟ್ಟಿ ಊತ, ಕಾಲು ಊರುತ್ತಿಲ್ಲ. ಎಕ್ಸ್‌ರೇ ನೋಡಿ ಆಸ್ಟಿಯೋಸಾರ್ಕೋಮಾ, ಅಂದ್ರೆ ಮೂಳೆ ಕ್ಯಾನ್ಸರ್ ಇರಬಹುದು ಅಂದಿದ್ದಾರೆ. ವಿಕಿರಣ ಸೇರಿಸಿದ ಆಂಟಿಬಾಡಿ (ಗುರಿ ಹುಡುಕಿ ಅಂಟಿಕೊಳ್ಳೋ ಪ್ರೋಟೀನ್) ಚುಚ್ಚಿ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡುತ್ತಾರಂತೆ, ಮಗ ಓದಿ ಹೇಳಿದ. ಅದು ಮಾಡಿಸಲೇಬೇಕಾ?

ತೀರ್ಥಹಳ್ಳಿಯಿಂದ: ಅದಕ್ಕೆ ಕಾಯುತ್ತಾ ಕೂರಬೇಡಿ ಮಾರಾಯ್ರೆ. ನಮ್ಮ ಗ್ರೇಟ್ ಡೇನ್ ತೋಟದ ಅಗಳ ಹಾರಿ ಕುಂಟಿದಾಗ ಮೊದಲು ತೋರಿಸಿದ ಕಡೆ ಉಳುಕು ಅಂದರು, ಮಾತ್ರೆ ಇರೋ ತನಕ ಓಡಾಡಿತು, ಮುಗಿದ ಮೇಲೆ ಮತ್ತೆ ಅದೇ ಕಥೆ. ಶಿವಮೊಗ್ಗದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋದ ಮೇಲೆ ಗೊತ್ತಾಯಿತು. ಎಕ್ಸ್‌ರೇಯಲ್ಲಿ ಮೂಳೆ ಗೆದ್ದಲು ಹಿಡಿದ ರೀಪಿನ ಹಾಗಿತ್ತು. ಊತದಿಂದ ಸೂಜಿಯಲ್ಲಿ ಸ್ಯಾಂಪಲ್ ತೆಗೆಸಿ, ಶ್ವಾಸಕೋಶಕ್ಕೆ ಹರಡಿದೆಯಾ ನೋಡೋಕೆ ಎದೆಯ ಎಕ್ಸ್‌ರೇ ಮಾಡಿಸಿ. ಎದೆಯದ್ದು ಒಂದೇ ಭಂಗಿಯಲ್ಲಿ ಸಾಲದು, ಎರಡೂ ಮಗ್ಗುಲಲ್ಲಿ ಮಲಗಿಸಿ ತೆಗೆಯಬೇಕು.

ಕೊಪ್ಪದವನು, ಈಗ ಮಂಗಳೂರು: ನಾನು ಮನುಷ್ಯರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಿಷಿಯನ್. ನಿಮ್ಮ ಮಗ ಓದಿದ್ದು ಸುಳ್ಳಲ್ಲ, 1994ರಲ್ಲೇ ಅಮೆರಿಕದಲ್ಲಿ ಟಿಪಿ-3 ಅನ್ನೋ ಆಂಟಿಬಾಡಿಯ ತುಂಡಿಗೆ ಫ್ಲೋರಿನ್-18 ಅನ್ನೋ ವಿಕಿರಣಶೀಲ ವಸ್ತು ಸೇರಿಸಿ, ಇದೇ ಕ್ಯಾನ್ಸರ್ ಇದ್ದ ನಾಯಿಗಳಿಗೆ ಪೆಟ್ (PET) ಸ್ಕ್ಯಾನ್, ಅಂದ್ರೆ ಆ ವಿಕಿರಣ ಮೈಯಲ್ಲಿ ಎಲ್ಲಿ ಸೇರಿದೆ ಅಂತ ತೋರಿಸೋ ಸ್ಕ್ಯಾನ್ ಮಾಡಿದ್ದರು. ತುಂಡು ಯಾಕೆ ಅಂದ್ರೆ, ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯೋ ಸಮಯ) 110 ನಿಮಿಷ ಅಷ್ಟೇ. ಇಡೀ ಆಂಟಿಬಾಡಿ ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತೆ, ಅದು ಗಡ್ಡೆಗೆ ಹೋಗಿ ಕೂರೋ ಹೊತ್ತಿಗೆ ವಿಕಿರಣವೇ ಮುಗಿದಿರುತ್ತೆ. ಹಾಗಾಗಿ ಇಡೀ ಆಂಟಿಬಾಡಿ ಆದ್ರೆ ಜಿರ್ಕೋನಿಯಂ-89 ಬಳಸುತ್ತಾರೆ. ಅದರದ್ದು ಸುಮಾರು 78 ಗಂಟೆ.

ನಾವು ದಿನಾ ಮಾಡೋ ಟೆಕ್ನೀಶಿಯಂ ಬೋನ್ ಸ್ಕ್ಯಾನ್ ಬೇರೆ. ಮೂಳೆ ಹೊಸದಾಗಿ ಬೆಳೆಯೋ ಜಾಗ ಎಲ್ಲಾ ಅದರಲ್ಲಿ ಕಾಣುತ್ತೆ, ಕೀಲುನೋವಿದ್ದರೂ, ಮುರಿದ ಮೂಳೆ ಕೂಡುತ್ತಿದ್ದರೂ. ಆಂಟಿಬಾಡಿ ಹಾಗಲ್ಲ, ಕ್ಯಾನ್ಸರ್ ಕೋಶದ ಮೇಲೆ ಜಾಸ್ತಿ ಇರೋ ಒಂದು ಪ್ರೋಟೀನ್ ಹುಡುಕಿಕೊಂಡು ಹೋಗುತ್ತೆ, ಶ್ವಾಸಕೋಶದಲ್ಲಿದ್ದರೆ ಅಲ್ಲಿಗೂ. ಆಸೆ ಹುಟ್ಟೋದು ಅಲ್ಲೇ. ಆದರೆ ಇದಿನ್ನೂ ಸಂಶೋಧನೆ, ದುಡ್ಡು ಕೊಟ್ಟು ಬರೆಸಿಕೊಳ್ಳೋ ಟೆಸ್ಟ್ ಅಲ್ಲ. ಮಕ್ಕಳಿಗೆ ಬರೋ ಆಸ್ಟಿಯೋಸಾರ್ಕೋಮಾಗೂ ನಾಯಿಯದ್ದಕ್ಕೂ ತುಂಬಾ ಹೋಲಿಕೆ ಇರೋದರಿಂದ ವಿಜ್ಞಾನಿಗಳಿಗೆ ಇದರಲ್ಲಿ ಆಸಕ್ತಿ.

ಇನ್ನೊಂದು ಮಾತು. ಎದೆಯ ಎಕ್ಸ್‌ರೇ ಸ್ವಚ್ಛ ಅಂತ ಬಂದರೂ ಸುಮಾರು 90% ನಾಯಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆಗಲೇ ಹರಡಿರುತ್ತೆ. ಅಂದ್ರೆ ಸ್ಕ್ಯಾನ್ ಇಲ್ಲದೆಯೂ ಡಾಕ್ಟರು ಹರಡಿದೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಬರೀ ಕಾಲು ತೆಗೆಸಿದರೆ ಸಾಮಾನ್ಯವಾಗಿ 4–5 ತಿಂಗಳು ಬದುಕುತ್ತವೆ, ಜೊತೆಗೆ ಕಾರ್ಬೋಪ್ಲಾಟಿನ್ ಥರದ ಕೀಮೋ ಕೊಟ್ಟರೆ 10–12 ತಿಂಗಳು. ಸ್ಕ್ಯಾನ್ ಸಿಕ್ಕಿದ್ದರೂ ನೀವು ಮಾಡಬೇಕಾದ್ದು ಹೆಚ್ಚೇನೂ ಬದಲಾಗುತ್ತಿರಲಿಲ್ಲ.

ಹೊಸನಗರದಿಂದ: ಕಾಲು ತೆಗೆಸೋದಕ್ಕೆ ಮನಸ್ಸು ಒಪ್ಪಲ್ಲ, ಗೊತ್ತು. ನಮ್ಮ ಲ್ಯಾಬ್ರಡಾರ್ ಮೂರು ಕಾಲಲ್ಲೇ ಧರೆ ಹತ್ತಿ ಕೊಟ್ಟಿಗೆಗೆ ಹೋಗುತ್ತಿತ್ತು. ಆ ನೋವು ಹೋಗಿದ್ದೇ ದೊಡ್ಡದು. ಮನೇಲಿರೋ ಐಬುಪ್ರೊಫೆನ್ ಮಾತ್ರ ಕೊಡಬೇಡಿ, ನಾಯಿಗೆ ವಿಷ. ರೆಡ್ ಆಕ್ಸೈಡ್ ನೆಲ ಆದ್ರೆ ಜಾರುತ್ತೆ, ಆಪರೇಷನ್‌ಗೆ ಮೊದಲೇ ಜಗಲಿಯಿಂದ ಅಡುಗೆಮನೆ ತನಕ ಗೋಣಿಚೀಲ ಹಾಸಿ, ಉಗುರು ಕತ್ತರಿಸಿಬಿಡಿ. ಮಳೆಗಾಲದಲ್ಲಿ ಚೀಲ ಒಣಗಲ್ಲ, ಎರಡು ಜೊತೆ ಇಟ್ಟುಕೊಳ್ಳಿ.