ಅಗಲ ಪಾದಕ್ಕೆ ಡ್ಯೂಟಿಗೆ ಹಾಕುವಂಥ ಕಪ್ಪು ಶೂ ಬೇಕು: ಸೈಜ್ ಏರಿಸಿದರೂ ಬೆರಳು ಒತ್ತುತ್ತದೆ, ಹಿಮ್ಮಡಿ ಜಾರುತ್ತದೆ

ಕಾಫಿಹೂವು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ನನಗೆ ರಿಸೆಪ್ಶನ್ ಕೆಲಸ. ಎಂಟು ಗಂಟೆ ಪಾಳಿ, ಹೆಚ್ಚು ಹೊತ್ತು ನಿಂತೇ ಇರಬೇಕು. ಯೂನಿಫಾರ್ಮ್ ಜೊತೆ ಕಪ್ಪು ಬಣ್ಣದ, ಮುಂದೆ ಮುಚ್ಚಿದ ಶೂ ಕಡ್ಡಾಯ. ಸ್ಪೋರ್ಟ್ಸ್ ಶೂ, ಚಪ್ಪಲಿ ನಡೆಯುವುದಿಲ್ಲ.

ನನ್ನ ಪಾದದ ಮುಂಭಾಗ ತುಂಬಾ ಅಗಲ. ತೋಟದಲ್ಲಿ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಓಡಾಡಿ ಬೆಳೆದ ಕಾಲು. ಸೈಜ್ 5 ಹಾಕಿದರೆ ಉದ್ದ ಸರಿಹೋಗುತ್ತದೆ, ಆದರೆ ಕಿರುಬೆರಳು ಒಳಗೆ ಮಡಚಿಕೊಳ್ಳುತ್ತದೆ. 6ರಲ್ಲೂ ಅದೇ ಕತೆ. ಈಗ 7ರ ಬೆಲ್ಲಿ ಶೂ (ಲೇಸ್, ಪಟ್ಟಿ ಇಲ್ಲದ ಚಪ್ಪಟೆ ಶೂ) ಹಾಕುತ್ತಿದ್ದೇನೆ. ಮುಂದೆ ಇನ್ನೂ ಬಿಗಿ, ಹಿಂದೆ ಹಿಮ್ಮಡಿ ಕಳಚಿ ಬರುತ್ತದೆ. ರೆಸಾರ್ಟಿನ ಇಳಿಜಾರು ಇಳಿಯುವಾಗ ಬೆರಳೆಲ್ಲ ಮುಂದೆ ಹೋಗಿ ಗುದ್ದುತ್ತವೆ. ಕಿರುಬೆರಳ ಮೇಲೆ ಆಣಿ ಎದ್ದಿದೆ. ಅಂಗಡಿಯಲ್ಲಿ ಕೇಳಿದರೆ "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಅನ್ನುತ್ತಾರೆ. ಆನ್‌ಲೈನಲ್ಲಿ ತರಿಸೋಣ ಅಂದರೆ ನಮ್ಮ ತೋಟದ ಕಡೆ ವಾಪಸ್ ಒಯ್ಯಲು ಯಾರೂ ಬರುವುದಿಲ್ಲ. ಮೈಸೂರಿಗೆ ಹೋಗಿ ಬರಬೇಕೆಂದರೆ ಒಂದು ರಜೆ ಹೋಗುತ್ತದೆ. ಹೋಗುವ ಮುಂಚೆ ಏನೇನು ನೋಡಬೇಕು ಅಂತ ತಿಳಿದವರು ಹೇಳಿ. ಮಳೆಗಾಲ ಬೇರೆ ಹತ್ತಿರ ಬಂತು.

ಅಚ್ಚು-ಅಟ್ಟೆ, ಕುಶಾಲನಗರ

ಮೇಡಂ, ನಮ್ಮದು ಶೂ ರಿಪೇರಿ ಮತ್ತು ಆರ್ಡರ್ ಕೆಲಸ. ನಿಮ್ಮಂಥ ಕಾಲು ನಮ್ಮ ಕಡೆ ತುಂಬಾ ಇವೆ. ಮೊದಲು ಸೈಜ್ ಏರಿಸುವುದನ್ನು ನಿಲ್ಲಿಸಿ.

ಸೈಜ್ ನಂಬರ್ ಅನ್ನುವುದು ಉದ್ದದ ಲೆಕ್ಕ. ನಮ್ಮಲ್ಲಿ ನಡೆಯುವ ಯುಕೆ ನಂಬರಿನಲ್ಲಿ ಒಂದು ಸೈಜ್ ಮೇಲೆ ಹೋದರೆ ಉದ್ದ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತದೆ. ಅಗಲ ಹೆಚ್ಚುವುದು ಎರಡು ಮೂರು ಮಿಲಿಮೀಟರ್ ಅಷ್ಟೇ. ನೀವು 5ರಿಂದ 7ಕ್ಕೆ ಹೋದಾಗ ಉದ್ದ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ಆಯಿತು, ಅಗಲಕ್ಕೆ ಸಿಕ್ಕಿದ್ದು ಚೂರು. ಅದಕ್ಕೇ ಮುಂದೆ ಬಿಗಿ, ಹಿಂದೆ ಸಡಿಲ. ಇನ್ನೊಂದು ತೊಂದರೆಯೂ ಇದೆ. ಶೂ ಮಡಚುವ ಜಾಗ ಒಂದು ಕಡೆ, ನಿಮ್ಮ ಕಾಲು ಮಡಚುವ ಜಾಗ ಇನ್ನೊಂದು ಕಡೆ ಆಗುತ್ತದೆ. ದಿನವಿಡೀ ನಿಂತವರಿಗೆ ಅಂಗಾಲು ಉರಿಯುವುದು ಇದರಿಂದಲೂ ಹೌದು.

ಈಗ ಅಳತೆ ತೆಗೆಯಿರಿ. ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆಯೇ ತೆಗೆಯಬೇಕು, ಆ ಹೊತ್ತಿಗೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಕೂತು ತೆಗೆದ ಅಳತೆ ಸುಮ್ನೆ. ಬೇರೆಯವರ ಕೈಲಿ ಪೆನ್ಸಿಲ್ ಕೊಡಿ, ನೀವೇ ಬಗ್ಗಿದರೆ ಭಾರ ಆಚೀಚೆ ಆಗುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲಿ. ಆಮೇಲೆ ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದ ಗಂಟಿಗೆ ಅಗಲ ಅಳೆಯಿರಿ. ಅದೇ ಜಾಗದಲ್ಲಿ ಹೊಲಿಗೆ ಟೇಪನ್ನು ಪಾದದ ಸುತ್ತ ಸುತ್ತಿ ಸುತ್ತಳತೆಯನ್ನೂ ಬರೆದುಕೊಳ್ಳಿ. ಎರಡೂ ಕಾಲಿಗೆ ಮಾಡಿ. ಒಂದು ಕಾಲು ದೊಡ್ಡದಿರುವುದು ಮಾಮೂಲಿ, ದೊಡ್ಡದಕ್ಕೇ ಶೂ ತೆಗೆಯಬೇಕು.

ಗೆರೆಯ ಪ್ರಕಾರ ಹಾಳೆಯನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಅಲ್ಲಿ ಶೂ ಒಳಗಿನ ಇನ್‌ಸೋಲ್ ಹೊರಗೆ ಎಳೆದು, ನೆಲಕ್ಕಿಟ್ಟು, ಅದರ ಮೇಲೆ ನಿಲ್ಲಿ. ಬೆರಳ ಗಂಟು ಅಂಚಿನಿಂದ ಆಚೆ ಬಂದರೆ ಆ ಶೂ ನಿಮ್ಮದಲ್ಲ, ಯಾರು ಏನೇ ಹೇಳಲಿ. ಇನ್‌ಸೋಲ್ ಅಂಟಿಸಿಬಿಟ್ಟಿದ್ದರೆ ನಿಮ್ಮ ಹಾಳೆಯನ್ನು ಶೂ ಒಳಗೆ ತೂರಿಸಿ ನೋಡಿ. ಅಂಚು ಮೇಲಕ್ಕೆ ಮಡಚಿಕೊಂಡರೆ ಉತ್ತರ ಸಿಕ್ಕಿತು. ಮುಂದೆ ಉದ್ದದ ಬೆರಳಿಗೂ ಶೂ ತುದಿಗೂ ನಡುವೆ ಒಂದು ಸೆಂಟಿಮೀಟರ್ ಜಾಗ ಇರಲಿ.

"ಲೂಸ್ ಆಗುತ್ತೆ" ಅನ್ನುವ ಮಾತು ನಿಜವಾದ ಚರ್ಮಕ್ಕೆ ಸ್ವಲ್ಪ ಮಟ್ಟಿಗೆ ಸರಿ. ರೆಕ್ಸಿನ್‌ಗೆ ಸರಿಯಲ್ಲ. ಅದು ಬಿರುಕು ಬಿಡುತ್ತದೆಯೇ ಹೊರತು ಹಿಗ್ಗಿ ನಿಲ್ಲುವುದಿಲ್ಲ. ಚರ್ಮವನ್ನು ನಾವು ಅಚ್ಚು (ಶೂ ತಯಾರಿಸುವ ಪಾದದ ಆಕಾರದ ಮಾದರಿ) ಹಾಕಿ ಹಿಗ್ಗಿಸಿದರೂ ಸಿಗುವುದು ಕೆಲವೇ ಮಿಲಿಮೀಟರ್.

ಗೋಣಿಕೊಪ್ಪ ಟೀಚರ್

ಅಕ್ಕ, ನನ್ನದೂ ಅಗಲದ ಕಾಲು, ಕ್ಲಾಸಿನಲ್ಲಿ ಇಡೀ ದಿನ ನಿಂತಿರುತ್ತೇನೆ. ಗಂಡಸರ ಶೂ ನೋಡಿ ಅಂತ ಧೈರ್ಯವಾಗಿ ಹೇಳುತ್ತೇನೆ. ಅದೇ ಉದ್ದಕ್ಕೆ ಗಂಡಸರ ಅಚ್ಚು ಅಗಲವಾಗಿರುತ್ತದೆ. ದೊಡ್ಡವರದ್ದು ಹೆಚ್ಚಾಗಿ 6ರಿಂದ ಶುರುವಾಗುತ್ತದೆ, ಹಾಗಾಗಿ ಹುಡುಗರ ಕಪ್ಪು ಶೂಗಳಲ್ಲಿ 4, 5 ಹುಡುಕಿ. ಲೇಸ್ ಇರುವ, ಹೊಳಪು ಕಡಿಮೆ ಇರುವ, ಸೋಲಿನ ಅಂಚು ತೆಳ್ಳಗಿರುವ ಶೂ ಆರಿಸಿದರೆ ಪ್ಯಾಂಟಿಗೂ ಸೀರೆಗೂ ಚೆನ್ನಾಗಿ ಒಪ್ಪುತ್ತದೆ. ಯಾರೂ ಹುಡುಗರ ಶೂ ಅಂತ ಗುರುತಿಸುವುದಿಲ್ಲ.

ಮಹಿಳೆಯರ ಸಾಲಿನಲ್ಲೇ ಬೇಕು ಅಂದರೆ ಸ್ಕೆಚರ್ಸ್‌ನಲ್ಲಿ "ವೈಡ್ ಫಿಟ್" ಅಂತ ಬರೆದಿರುವುದು ಸಿಗುತ್ತದೆ. ಬಾಟಾದ ಕಂಫಿಟ್‌ನಲ್ಲೂ ದುಂಡು ಮೂತಿಯ ಶೂಗಳು ಇರುತ್ತವೆ, ಹಾಕಿ ನೋಡಿ.

ಅಚ್ಚು-ಅಟ್ಟೆ, ಕುಶಾಲನಗರ

ಟೀಚರ್ ಹೇಳಿದ್ದು ಸರಿ. ಲೇಸ್ ಶೂನಲ್ಲೂ ಡರ್ಬಿ ಅಂತ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಲೇಸ್ ಕಟ್ಟುವ ಎರಡು ಎಲೆಗಳೂ ಪೂರ್ತಿ ಬಿಚ್ಚಿಕೊಳ್ಳುತ್ತವೆ, ಪಾದ ದಪ್ಪಗಿದ್ದರೂ ಜಾಗ ಸಿಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಆ ಎಲೆಗಳನ್ನು ಬುಡದಲ್ಲಿ ಹೊಲಿದಿರುತ್ತಾರೆ, ಅಷ್ಟು ಬಿಡುವುದಿಲ್ಲ. ಲೇಸ್ ಬೇಡ ಅನ್ನುವವರಿಗೆ ಮೇಲೆ ವೆಲ್ಕ್ರೋ ಪಟ್ಟಿ ಇರುವ ಮೇರಿ ಜೇನ್. ಬೆಲ್ಲಿ, ಲೋಫರ್ ಎರಡರಲ್ಲೂ ಪಾದವನ್ನು ಹಿಡಿದುಕೊಳ್ಳಲು ಏನೂ ಇಲ್ಲ. ಅಗಲ ಪಾದದವರಿಗೆ ನಾನು ಅವನ್ನು ಹೇಳುವುದೇ ಇಲ್ಲ, ನಮ್ಮ ಇಳಿಜಾರಿಗಂತೂ ಬೇಡ. ಹೀಲ್ ಎರಡು ಮೂರು ಸೆಂಟಿಮೀಟರ್, ಅಗಲ ತಳದ್ದು ಸಾಕು. ಅದಕ್ಕಿಂತ ಎತ್ತರವಾದರೆ ಭಾರವೆಲ್ಲ ಬೆರಳ ಮೇಲೆ ಬೀಳುತ್ತದೆ.

ಅಗಲದ ಅಕ್ಷರ ನೋಡುವಾಗ ಹುಷಾರು. ಅಮೆರಿಕದ ಲೆಕ್ಕದಲ್ಲಿ ಮಹಿಳೆಯರಿಗೆ ಬಿ ಮಾಮೂಲಿ, ಡಿ ಅಗಲ, 2ಇ ಇನ್ನೂ ಅಗಲ. ಗಂಡಸರಿಗೆ ಡಿಯೇ ಮಾಮೂಲಿ, 2ಇ ಅಗಲ, 4ಇ ಇನ್ನೂ ಅಗಲ. ಬ್ರಿಟನ್ ಕಡೆಯ ಬ್ರ್ಯಾಂಡ್‌ನಲ್ಲಿ ಮಹಿಳೆಯರ ಮಾಮೂಲಿ ಅಗಲವೇ ಡಿ. ಯಾವ ಲೆಕ್ಕ ಅಂತ ಕೇಳದೆ ಬರೀ ಡಿ ಅಂತ ನೋಡಿ ದುಡ್ಡು ಕೊಡಬೇಡಿ.

ನಮ್ಮ ಕಾಲು ಅಗಲ ಅಂತ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆಯಿಂದ 2022ರವರೆಗೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಯುರೋಪು, ಅಮೆರಿಕದವರಿಗಿಂತ ಅಗಲ ಅಂತಲೇ ಕಂಡಿತು. ಅದರ ಮೇಲೆ "ಭಾ" ಅನ್ನುವ ಭಾರತದ್ದೇ ಸೈಜ್ ಪದ್ಧತಿಯನ್ನು ರೂಪಿಸಿದ್ದಾರೆ. ಹೊರಗಿನವರ ಅಚ್ಚಿಗೆ ನಮ್ಮ ಹೆಣ್ಣುಮಕ್ಕಳು ಬೆರಳು ಮಡಚಿಕೊಂಡು ಕೆಲಸ ಮಾಡುವುದು ನೋಡಿದರೆ ಸಂಕಟವಾಗುತ್ತದೆ.

ಫಿಸಿಯೋ, ವಿರಾಜಪೇಟೆ

ಒಂದು ವಿಷಯ ಸೇರಿಸುತ್ತೇನೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಒತ್ತಡ ತಪ್ಪಿದರೆ ಅದು ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ. ಮೂರನೇ, ನಾಲ್ಕನೇ ಬೆರಳ ನಡುವೆ ಜೋಮು, ಉರಿ, ಕಲ್ಲು ತುಳಿದ ಹಾಗೆ ಆಗುತ್ತಿದ್ದರೆ ಅದು ನರ ಒತ್ತಿಕೊಂಡಿರುವ ಲಕ್ಷಣ ಇರಬಹುದು. ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿ ಬುಡದ ಗಂಟು ಹೊರಗೆ ಬರುತ್ತಿದ್ದರೂ ಅಷ್ಟೇ, ಮೂಳೆ ಡಾಕ್ಟರಿಗೆ ತೋರಿಸಿ. ಶೂ ಬಿಚ್ಚಿದ ಮೇಲೂ ಜೋಮು ಹೋಗದಿದ್ದರೆ ತಡಮಾಡಬೇಡಿ.

ಕಾಫಿಹೂವು, ಮಡಿಕೇರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿ ಕೈಲಿ ಗೆರೆ ಎಳೆಸಿದೆ. ಉದ್ದ 23.5 ಸೆಂಟಿಮೀಟರ್, ಅಗಲ ಎಡಗಾಲು 10, ಬಲಗಾಲು ಸ್ವಲ್ಪ ಕಡಿಮೆ. ಕತ್ತರಿಸಿದ ಹಾಳೆಯನ್ನು ನನ್ನ 7ರ ಬೆಲ್ಲಿ ಒಳಗೆ ತೂರಿಸಿದರೆ ಮುಂದೆ ಎರಡೂ ಅಂಚು ಮಡಚಿಕೊಂಡವು, ಹಿಂದೆ ಎರಡು ಬೆರಳು ಹೋಗುವಷ್ಟು ಜಾಗ ಖಾಲಿ! ನೋಡಿ ಕೋಪವೇ ಬಂತು.

ಮೈಸೂರಿಗೆ ಹೋಗಿ ಇನ್‌ಸೋಲ್ ತೆಗೆದು ನಿಂತು ನೋಡಿಯೇ ಆರಿಸಿದೆ. ಅಂಗಡಿ ಹುಡುಗ ಮೊದಲು ವಿಚಿತ್ರವಾಗಿ ನೋಡಿದ, ಆಮೇಲೆ ಅವನೇ ಒಂದೊಂದಾಗಿ ಎಳೆದು ಕೊಟ್ಟ. ಹುಡುಗರ 5ರ ಕಪ್ಪು ಡರ್ಬಿ ಸಿಕ್ಕಿತು, ಚರ್ಮದ್ದು. ಬೆರಳೆಲ್ಲ ಬಿಡಿಸಿಕೊಂಡು ಕೂರುತ್ತವೆ. ಮ್ಯಾನೇಜರ್ ಮೇಡಂ ಕೂಡ ಚೆನ್ನಾಗಿದೆ ಅಂದರು.

ಉಳಿದಿರುವುದು ಒಂದೇ. ಇಳಿಜಾರಲ್ಲಿ ಪಾದ ಸ್ವಲ್ಪ ಮುಂದೆ ಜಾರುತ್ತದೆ. ಲೇಸ್ ಬಿಗಿ ಮಾಡಿದರೆ ಅಗಲದ ಜಾಗದಲ್ಲಿ ಒತ್ತುತ್ತದೆ.

ಅಚ್ಚು-ಅಟ್ಟೆ, ಕುಶಾಲನಗರ

ಲೇಸನ್ನು ಪೂರ್ತಿ ಬಿಚ್ಚಿ. ಬೆರಳ ಕಡೆಯ ಮೊದಲ ಜೋಡಿ ತೂತು ಬಿಟ್ಟುಬಿಡಿ, ಎರಡನೇ ಜೋಡಿಯಿಂದ ಹಾಕುತ್ತಾ ಬನ್ನಿ. ಮುಂದೆ ಸಡಿಲವಾಗಿರಲಿ, ಕಣಕಾಲ ಹತ್ತಿರದ ಕೊನೆಯ ಎರಡು ಜೋಡಿ ಮಾತ್ರ ಬಿಗಿ. ಕಟ್ಟುವ ಮುಂಚೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಇದಕ್ಕೂ ಬಗ್ಗದಿದ್ದರೆ ಲೇಸಿನ ಕೆಳಗಿರುವ ಶೂ ನಾಲಿಗೆಯ ಒಳಗೆ ಮೇಲ್ಭಾಗದಲ್ಲಿ ತೆಳುವಾದ ಫೋಮ್ ಪ್ಯಾಡ್ ಅಂಟಿಸಿ. ಹಿಮ್ಮಡಿಯ ಹಿಂದೆ ಪ್ಯಾಡ್ ಹಾಕಬೇಡಿ, ಅದು ಪಾದವನ್ನು ಇನ್ನೂ ಮುಂದೆ ನೂಕುತ್ತದೆ.

ಮಳೆಗಾಲದ ವಿಷಯ. ಈ ಶೂವನ್ನು ರಸ್ತೆಗೆ ಹಾಕಲೇಬೇಡಿ. ಬರುವಾಗ ಹೋಗುವಾಗ ರಬ್ಬರ್ ಚಪ್ಪಲಿ, ಶೂ ಚೀಲದಲ್ಲಿ. ಕೆಲಸದ ಜಾಗದಲ್ಲಿ ಕಾಲು ಒರೆಸಿ, ಬೆರಳ ಸಂದು ಪೂರ್ತಿ ಒಣಗಿಸಿ, ಒಣಗಿದ ಸಾಕ್ಸ್ ಹಾಕಿ. ಒದ್ದೆ ಸಾಕ್ಸಿನಲ್ಲಿ ಎಂಟು ಗಂಟೆ ನಿಂತರೆ ಕೆಸರುಹುಣ್ಣು ಗ್ಯಾರಂಟಿ. ಶೂ ನೆನೆದರೆ ಒಳಗೆ ಹಳೇ ಪೇಪರ್ ತುರುಕಿ, ಪೇಪರ್ ಒದ್ದೆಯಾದಾಗ ಬದಲಿಸಿ. ಒಲೆ ಹತ್ತಿರ ಇಡಬೇಡಿ. ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಬೂಷ್ಟು ಬಂದರೆ ಮನೆ ಹೊರಗೆ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಪಾಲಿಶ್ ಹಾಕಿ.

ಎರಡನೇ ಜೊತೆ ತೆಗೆಯುವಾಗ ಸೋಲ್ ಯಾವುದು ಅಂತ ಕೇಳಿ. ಪಿಯು (ಪಾಲಿಯುರೆಥೇನ್) ಸೋಲ್ ಹಗುರ, ಮೆತ್ತಗೆ, ಆದರೆ ತೇವಕ್ಕೆ ಒಳಗೊಳಗೇ ಕೆಡುತ್ತದೆ. ಡಬ್ಬಿಯಲ್ಲಿ ಜೋಪಾನವಾಗಿಟ್ಟ ಶೂ ಎರಡು ಮೂರು ಮಳೆಗಾಲ ಕಳೆದು ತೆಗೆದರೆ ಸೋಲ್ ಪುಡಿಪುಡಿ. ನಮ್ಮಲ್ಲಿಗೆ ಮದುವೆಗೆ ಹಾಕಲು ತೆಗೆದ ಅಂಥ ಶೂ ಹಿಡಿದುಕೊಂಡು ಎಷ್ಟೋ ಜನ ಬರುತ್ತಾರೆ. ಕೊಡಗಿಗೆ ರಬ್ಬರ್ ಅಥವಾ ಟಿಪಿಆರ್ (ರಬ್ಬರಿನಂಥ ಪ್ಲಾಸ್ಟಿಕ್) ಸೋಲ್ ವಾಸಿ.

ಕಾಫಿಹೂವು, ಮಡಿಕೇರಿ

ಲೇಸ್ ನೀವು ಹೇಳಿದ ಹಾಗೆ ಕಟ್ಟಿದೆ. ಜಾರುವುದು ನಿಂತಿತು, ನಾಲಿಗೆ ಪ್ಯಾಡ್ ಬೇಕಾಗಲಿಲ್ಲ. ನನ್ನ ಸಮಸ್ಯೆ ಬಗೆಹರಿಯಿತು ಅಂತ ಗುರುತು ಹಾಕುತ್ತಿದ್ದೇನೆ. ಒಂದೇ ಒಂದು ಕೇಳಲಾ? ಅಮ್ಮನದೂ ಇದೇ ಥರದ ಅಗಲ ಪಾದ, ಅವರಿಗೆ ಶುಗರ್ ಇದೆ. ಅವರಿಗೂ ಇದೇ ಶೂ ಕೊಡಿಸಬಹುದಾ?

ಫಿಸಿಯೋ, ವಿರಾಜಪೇಟೆ

ಬೇಡ, ಮೊದಲು ಡಾಕ್ಟರ್ ಅವರ ಪಾದದ ಸ್ಪರ್ಶ ಪರೀಕ್ಷೆ ಮಾಡಲಿ. ಶುಗರ್ ಇರುವವರಿಗೆ ಶೂ ಕಚ್ಚಿದ್ದು ಗೊತ್ತಾಗದೇ ಇರಬಹುದು, "ನೋವಿಲ್ಲ" ಅನ್ನುವ ಮಾತನ್ನು ನಂಬುವ ಹಾಗಿಲ್ಲ. ಅವರಿಗೆ ಎಂಸಿಆರ್ ಚಪ್ಪಲಿ ಅಂತ ಸಿಗುತ್ತದೆ, ಮೆತ್ತನೆ ರಬ್ಬರಿನ ತಳದ್ದು. ಹೆಬ್ಬೆರಳ ಸಂದಿಗೆ ಬಾರು ಬರುವಂಥದ್ದು ಬೇಡ, ಹಿಂದೆ ಪಟ್ಟಿ ಇರುವಂಥದ್ದು ತೆಗೆಯಿರಿ. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಹಾಕಿಸಿ ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ನೋಡಿ. ಅಂಗಾಲು, ಬೆರಳ ಸಂದು ದಿನಾ ರಾತ್ರಿ ನೀವೇ ನೋಡಿ, ಅವರಿಗೆ ಬಗ್ಗಿ ನೋಡಿಕೊಳ್ಳುವುದು ಕಷ್ಟ ಅಲ್ವಾ.