ಲ್ಯಾಬ್ ಅಭ್ಯಾಸದಲ್ಲಿ ಓಎಸ್‌ಪಿಎಫ್ ದೃಢೀಕರಣ: ಎಂಡಿ5 ಸಾಕೇ, ಎಸ್‌ಎಚ್‌ಎ ಬೇಕೇ?

ಪ್ರಶ್ನೆ:
ಪ್ರಮಾಣಪತ್ರ ಪರೀಕ್ಷೆಗಾಗಿ ಸಿಸ್ಕೊ ರೂಟರ್‌ಗಳ ಮೇಲೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಪ್ರೋಟೋಕಾಲ್) ಅಭ್ಯಾಸ ಮಾಡುತ್ತಿದ್ದೇನೆ. ಜಾಲದ ಬೆನ್ನೆಲುಬು ಭಾಗವಾದ ಏರಿಯಾ 0ರಲ್ಲಿ ದೃಢೀಕರಣ ಇರಬೇಕು, ಪಾಸ್‌ವರ್ಡ್ ಪ್ಯಾಕೆಟ್‌ನಲ್ಲಿ ಓದಲು ಸಿಗಬಾರದು ಎಂದಷ್ಟೇ ಸೂಚನೆಯಿದ್ದರೆ ಯಾವ ವಿಧಾನವನ್ನು ಆರಿಸಬೇಕು: ಎಂಡಿ5 ಸಾಕೇ, ಅದಕ್ಕಿಂತ ಬಲವಾದ ಎಸ್‌ಎಚ್‌ಎ ಬೇಕೇ (ಎರಡೂ ಗುಪ್ತ ಕೀ ಬಳಸಿ ಪ್ಯಾಕೆಟ್‌ಗೆ ಪರಿಶೀಲನಾ ಮೌಲ್ಯ ಸೇರಿಸುವ ಹ್ಯಾಶ್ ವಿಧಾನಗಳು)? ಇನ್ನೊಂದು ಗೊಂದಲವೂ ಇದೆ. ಏರಿಯಾ ಮಟ್ಟದಲ್ಲಿ ಎಂಡಿ5 ಆದೇಶವನ್ನು ಎರಡೂ ರೂಟರ್‌ಗಳಿಗೆ ಕೊಟ್ಟು, ಕೀಯನ್ನು ಎಲ್ಲಿಯೂ ಕೊಡದೆ ಬಿಟ್ಟರೂ ಅವುಗಳ ನೇಬರ್ ಸಂಬಂಧ (ಮಾಹಿತಿ ವಿನಿಮಯಕ್ಕೆ ಅವು ಕಟ್ಟಿಕೊಳ್ಳುವ ನಂಟು) ಕಡಿಯಲಿಲ್ಲ.

ಉತ್ತರ 1:
ಎರಡನೆಯದನ್ನೇ ಮೊದಲು ನೋಡೋಣ, ಅಂಕ ಹೋಗುವುದು ಹೆಚ್ಚಾಗಿ ಅಲ್ಲಿಯೇ. ಏರಿಯಾ ಆದೇಶವು ದೃಢೀಕರಣದ ಬಗೆಯನ್ನು ಮಾತ್ರ ನಿಗದಿಪಡಿಸುತ್ತದೆ. ಕೀಯನ್ನು ಇಂಟರ್‌ಫೇಸ್‌ನಲ್ಲಿ ಬೇರೆಯಾಗಿ ಕೊಡಬೇಕು. ಕೊಡದಿದ್ದರೆ ಎರಡೂ ಕಡೆ 0 ಸಂಖ್ಯೆಯ ಖಾಲಿ ಕೀ ಬಳಕೆಯಾಗುವುದರಿಂದ ಹೊಂದಾಣಿಕೆ ಆಗಿಬಿಡುತ್ತದೆ. ಆದ್ದರಿಂದ ನೇಬರ್ ಪಟ್ಟಿಯನ್ನಷ್ಟೇ ನಂಬದೆ, ಇಂಟರ್‌ಫೇಸ್ ವಿವರದಲ್ಲಿ ಯಾವ ಕೀ ಸಂಖ್ಯೆ ಕಾಣುತ್ತದೆ ಎಂಬುದನ್ನು ಪರಿಶೀಲಿಸಿ.

ವಿಧಾನದ ಮಟ್ಟಿಗೆ, ಓಎಸ್‌ಪಿಎಫ್‌ನ ಮಾನದಂಡ ದಾಖಲೆಯಾದ 1998ರ ಆರ್‌ಎಫ್‌ಸಿ 2328 ಮೂರು ಬಗೆಗಳನ್ನು ಹೇಳುತ್ತದೆ: ದೃಢೀಕರಣವಿಲ್ಲದ 0, ಸರಳ ಪಾಸ್‌ವರ್ಡ್‌ನ 1, ಕ್ರಿಪ್ಟೊಗ್ರಾಫಿಕ್ ಆದ 2. 2009ರ ಆರ್‌ಎಫ್‌ಸಿ 5709 ಎಸ್‌ಎಚ್‌ಎಯನ್ನು ಸೇರಿಸಿದ್ದೂ ಇದೇ 2ನೆಯ ಬಗೆಯೊಳಗೆ. ನಿಮ್ಮ ಸೂಚನೆ 1ನ್ನು ತಳ್ಳಿಹಾಕುತ್ತದೆಯೇ ಹೊರತು ಎಸ್‌ಎಚ್‌ಎಯನ್ನು ಕೇಳುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಎಂಡಿ5 ಸಾಕು. ನಿಜವಾದ ಜಾಲದಲ್ಲಾದರೆ ಎರಡೂ ತುದಿಯ ಸಾಧನಗಳು ಅದನ್ನು ಬೆಂಬಲಿಸುವುದಾದರೆ ನಾನು ಎಸ್‌ಎಚ್‌ಎಯನ್ನೇ ಆರಿಸುತ್ತೇನೆ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಕೀಗೆ ಅವಧಿ ಇರಬೇಕೆಂದು ಸೂಚನೆಯಲ್ಲಿದ್ದರೆ ಕೀ ಚೈನ್ (ಅವಧಿ ಗೊತ್ತುಪಡಿಸಬಹುದಾದ ಕೀಗಳ ಪಟ್ಟಿ) ಬಳಸಬೇಕಾಗುತ್ತದೆ, ಆಗ ರೂಟರ್‌ಗಳ ಗಡಿಯಾರಗಳು ಹೊಂದಿಕೆಯಾಗಿರದಿದ್ದರೆ ಸರಿಯಾದ ಕೀ ಕೂಡ ತಿರಸ್ಕೃತವಾಗುತ್ತದೆ. ಏರಿಯಾ 0ರಲ್ಲಿ ದೃಢೀಕರಣ ಕೊಟ್ಟ ಮೇಲೆ ವರ್ಚುವಲ್ ಲಿಂಕ್‌ಗೂ (ಇನ್ನೊಂದು ಏರಿಯಾದ ಮೂಲಕ ಏರಿಯಾ 0ಕ್ಕೆ ಜೋಡಿಸುವ ತಾರ್ಕಿಕ ಕೊಂಡಿ) ಅದನ್ನು ಕೊಡಲು ಮರೆಯಬೇಡಿ, ಏಕೆಂದರೆ ಆ ಲಿಂಕ್ ಯಾವ ಏರಿಯಾದ ಮೂಲಕ ಹಾದುಹೋದರೂ ಏರಿಯಾ 0ಕ್ಕೇ ಸೇರಿದ್ದು. ಕೀಯ ಕೊನೆಯಲ್ಲಿ ಅರಿವಿಲ್ಲದೆ ಸೇರಿದ ಒಂದು ಖಾಲಿ ಜಾಗವನ್ನು ಹುಡುಕುತ್ತ ನಾನು ಒಂದು ಇಡೀ ಸಂಜೆಯನ್ನು ಕಳೆದದ್ದುಂಟು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ರೂಟರ್‌ಗೆ ಮಾತ್ರ ಕೀ 1 ಕೊಟ್ಟು ಕಾದು ನೋಡಿದೆ. 40 ಸೆಕೆಂಡುಗಳ ಡೆಡ್ ಟೈಮರ್ (ನೇಬರ್‌ನಿಂದ ಸಂದೇಶಕ್ಕಾಗಿ ಕಾಯುವ ಮಿತಿ) ಮುಗಿದಾಗ ಸಂಬಂಧ ಕಡಿಯಿತು, ಇನ್ನೊಂದಕ್ಕೂ ಅದೇ ಕೀ ಕೊಟ್ಟ ಮೇಲೆ ಮರಳಿತು.