ಬಟಾಲಿಯನ್‌ನಾಗ ಸ್ಟೋರ್, ಗಾಡಿ, ಲಂಗರ್, ಆಫೀಸ್: ವರ್ಷಪೂರ್ತಿ ಏನು ಕೆಲಸ ಇರ್ತದ?

ನೆಹರು ಗಂಜ್, ಕಲಬುರಗಿ

ಎಲ್ಲಾರಿಗೂ ಶರಣ್ರಿ. ನನ್ನ ತಮ್ಮ ಪಿಯುಸಿ ಕಾಮರ್ಸ್ ಮುಗಿಸ್ಯಾನ. ಗಂಜ್‌ನಾಗ ಒಂದು ದಾಲ್ ಮಿಲ್ ಗೋಡೌನಿನ ಸ್ಟಾಕ್ ಬುಕ್ ಬರೀತಾನ. ಅಗ್ನಿವೀರ ಆಫೀಸ್ ಅಸಿಸ್ಟೆಂಟ್ ಮತ್ತು ಸ್ಟೋರ್ ಕೀಪರ್ ಟೆಕ್ನಿಕಲ್ ಹುದ್ದೆಗೆ ಅರ್ಜಿ ಹಾಕಬೇಕಂತಾನ. ಮನ್ಯಾಗ ಹಿರಿಯರು "ಅದು ಬರೇ ಗುಮಾಸ್ತಗಿರಿ, ಸೈನಿಕನ ಕೆಲಸ ಅಲ್ಲ" ಅಂತಾರ. ಕೋಚಿಂಗ್‌ನವರು ಪರೀಕ್ಷಾದ ಬಗ್ಗೆ ಹೇಳ್ತಾರ, ಸೇರಿದ ಮ್ಯಾಲಿನ ಕೆಲಸದ ಬಗ್ಗೆ ಹೇಳೋದಿಲ್ಲ. ಇನ್‌ಫೆಂಟ್ರಿ (ಕಾಲ್ದಳ) ಬಟಾಲಿಯನ್‌ನಾಗ ಸ್ಟೋರ್, ಗಾಡಿ, ಲಂಗರ್ ಅಂದ್ರ ಅಡುಗಿ, ಆಫೀಸ್ ಈ ವಿಭಾಗದವರಿಗೆ ಏಪ್ರಿಲ್‌ನಿಂದ ಮಾರ್ಚ್‌ತನಕ ಏನು ಕೆಲಸ ಇರ್ತದ? ಎಲ್ಲಿ ತಪ್ಪಾಗ್ತದ? ಬಲ್ಲವರು ಬಿಡಿಸಿ ಹೇಳ್ರಿ.

ಕ್ವಾರ್ಟರ್‌ಮಾಸ್ಟರ್ ಸ್ಟೋರ್, ಹುಮನಾಬಾದ

ಮೊದಲು ಒಂದು ಗೊಂದಲ ತೆಗೀತೀನ್ರಿ. ಬಟಾಲಿಯನ್‌ನಾಗ ನಾಲ್ಕು ರೈಫಲ್ ಕಂಪನಿ, ಒಂದು ಸಪೋರ್ಟ್ ಕಂಪನಿ, ಒಂದು ಹೆಡ್‌ಕ್ವಾರ್ಟರ್ ಕಂಪನಿ ಇರ್ತಾವ. ಹೆಸರು ಕೇಳಿ ಸಪೋರ್ಟ್ ಕಂಪನಿ ಅಂದ್ರ ಸ್ಟೋರ್, ಅಡುಗಿ ಅಂತ ತಿಳೀಬ್ಯಾಡ್ರಿ. ಅಲ್ಲಿ ಇರೋದು 81 ಮಿ.ಮೀ. ಮಾರ್ಟರ್, ಟ್ಯಾಂಕ್ ಹೊಡೆಯೋ ಕ್ಷಿಪಣಿ. ನೀವು ಕೇಳಿದ ವಿಭಾಗಗಳು ಹೆಡ್‌ಕ್ವಾರ್ಟರ್ ಕಂಪನಿ ಕಡೆ ಬರ್ತಾವ. ರೇಷನ್, ಇಂಧನ ಆರ್ಮಿ ಸರ್ವಿಸ್ ಕೋರ್‌ನಿಂದ. ಬಟ್ಟಿ, ಟೆಂಟ್, ಮದ್ದುಗುಂಡು ಆರ್ಡನೆನ್ಸ್ ಕೋರ್‌ನಿಂದ. ದೊಡ್ಡ ರಿಪೇರಿ ಸೈನ್ಯದ ರಿಪೇರಿ ವಿಭಾಗ ಇಎಂಇ. ಕಟ್ಟಡ, ನೀರು, ಕರೆಂಟ್ ಸೈನ್ಯದ ಎಂಜಿನಿಯರಿಂಗ್ ವಿಭಾಗ ಎಂಇಎಸ್. ಇವೆಲ್ಲಾ ಬಟಾಲಿಯನ್ ಒಳಗ ಬರೋ ಬಾಗಿಲು ಕ್ವಾರ್ಟರ್‌ಮಾಸ್ಟರ್, ಅಂದ್ರ ಸಾಮಾನಿನ ಜವಾಬ್ದಾರಿ ಹೊತ್ತ ಅಧಿಕಾರಿ. ಅಲ್ಲಿಂದ ಪ್ರತಿ ಕಂಪನಿಯ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಕೈಗೆ ಹೋಗ್ತದ.

ಸ್ಟೋರ್‌ನವರ ವರ್ಷ ಹವಾಮಾನಕ್ಕಿಂತ ಒಂದು ಹೆಜ್ಜಿ ಮುಂದ ಓಡ್ತದ. ಜವಾನ ನವೆಂಬರ್‌ನಾಗ ಹಾಕ್ಕೊಳ್ಳೋ ಬೂಟಿನ ಅಳತಿ ಬ್ಯಾಸಗ್ಯಾಗ ತಗೋಬೇಕು. ಕಂಪನಿವಾರು ಅಳತಿ ಪಟ್ಟಿ ತಯಾರಾಗಿ, ಇಂಡೆಂಟ್ (ಬೇಡಿಕಿ ಪತ್ರ) ಹೋಗಿ, ಡಿಪೋದಿಂದ ಮಾಲು ಬಂದು, ತಪ್ಪಿದ ಸೈಜ್ ವಾಪಸ್ ಹೋಗಿ ಬದಲಾಗಿ ಬರೋತನಕ ತಿಂಗಳುಗಟ್ಟಲೆ ಹಿಡೀತದ. ಹಳೇ ಪಟ್ಟಿ ನಕಲು ಮಾಡಿ ಕಳಿಸಿದ್ರ ನಡೂವಿನ ಸೈಜ್ ಮೊದಲು ಖಾಲಿ ಆಗ್ತಾವ, ತೀರಾ ಸಣ್ಣವು, ತೀರಾ ದೊಡ್ಡವು ಕಪಾಟಿನಾಗ ಉಳೀತಾವ. ಎತ್ತರದ ಜಾಗಕ್ಕ ಹೋಗೋ ಬೂಟಿನ ಅಳತಿ ದಪ್ಪ ಕಾಲುಚೀಲ ಹಾಕಿಸೇ ತಗೋಬೇಕು. ಬೂಟು ಬಿಗಿಯಾದ್ರ ರಕ್ತ ಓಡೋದಿಲ್ಲ, ಹಿಮಗಡಿತ ಅಲ್ಲಿಂದಲೇ ಶುರು.

ಯುನಿಟ್ ಲಡಾಖ್ ಕಡೆ ಇದ್ರ ಮೇ ತಿಂಗಳಿನಿಂದ ಅಕ್ಟೋಬರ್‌ತನಕ ಚಳಿಗಾಲದ ದಾಸ್ತಾನಿನ ಓಟ. ರೇಷನ್, ಸೀಮೆಎಣ್ಣಿ, ಬುಖಾರಿ (ಕೋಣಿ ಬೆಚ್ಚಗಿಡೋ ಒಲಿ), ಔಷಧ, ಮದ್ದುಗುಂಡು ಎಲ್ಲಾ ಹಿಮ ಬೀಳೋದ್ರೊಳಗ ಮ್ಯಾಲ ಏರಿರಬೇಕು. 2020ರಾಗ 9.02 ಕಿ.ಮೀ. ಅಟಲ್ ಸುರಂಗ ಆಯ್ತಲ್ಲ, ಈಗೇನು ಚಿಂತಿ ಅನ್ನಬ್ಯಾಡ್ರಿ. ಅದು ದಾಟಿಸೋದು ರೋಹ್ತಾಂಗ್ ಒಂದನ್ನ. ಆಚೆ ಬಾರಾಲಾಚಾ ಕಣಿವಿ ಹಿಮಕ್ಕ ಮುಚ್ಚೇ ಮುಚ್ಚತದ. ಆಮ್ಯಾಲ ಮರೆತ ಒಂದು ಡಬ್ಬಿ ಮೇಲಕ್ಕ ಹೋಗಬೇಕಂದ್ರೂ ವಿಮಾನ ಇಲ್ಲಾ ಹೆಲಿಕಾಪ್ಟರ್ ಬೇಕು.

ನಿಮ್ಮ ತಮ್ಮಗ ಗೋಡೌನಿನ ಶಿಸ್ತು ಗೊತ್ತಿದ್ರ ಅರ್ಧ ಕೆಲಸ ಬಂದಂಗ. ಚೀಲ ನೆಲಕ್ಕ ತಾಗಬಾರದು, ಕೆಳಗ ಕಟ್ಟಿಗಿ ಹಲಗಿ. ಗ್ವಾಡಿಯಿಂದ ಮನುಷ್ಯ ಓಡಾಡೋ ಅಷ್ಟು ಅಂತರ. ಮೊದಲು ಬಂದ ಲಾಟ್ ಮೊದಲು ಹೊರಗ. ಪ್ರತಿ ಥಪ್ಪಿಗೆ ಒಂದು ಬಿನ್ ಕಾರ್ಡ್, ಅಂದ್ರ ಆ ಮಾಲಿನ ಲೆಕ್ಕದ ಚೀಟಿ. ಲೆಡ್ಜರ್, ಬಿನ್ ಕಾರ್ಡ್, ಕಣ್ಣೆದುರಿನ ಮಾಲು, ಈ ಮೂರೂ ಯಾವ ದಿನ ಬಂದು ನೋಡಿದ್ರೂ ಒಂದೇ ಆಗಿರಬೇಕು.

ತಪ್ಪು ಎಲ್ಲಿ ಆಗ್ತದ ಅಂದ್ರ, ಮೊದಲನೇದು ಚೀಟಿ ಮ್ಯಾಲಿನ ಕೈಸಾಲ. "ಎರಡು ಟಾರ್ಪಾಲಿನ್ ಕೊಡ್ರಿ, ನಾಳೆ ತರ್ತೀನಿ" ಅಂತ ಬಂದವ ವರ್ಗ ಆಗಿ ಹೋಗ್ತಾನ, ಲೆಡ್ಜರ್‌ನಾಗ ಮಾಲು ಹಂಗೇ ನಿಂತಿರ್ತದ. ವೋಚರ್ ಇಲ್ದ ಒಂದು ಮೊಳೀನೂ ಕೊಡಬಾರದು. ಎರಡನೇದು ಲೆಕ್ಕದ ಮಾನ: ಕೈಗವಸು 'ಜೋಡಿ' ಅಂತ ಬಂದದ್ದು 'ಸಂಖ್ಯಾ' ಅಂತ ಬರೆದ್ರ ಒಂದೇ ಸಾಲಿನಾಗ ಲೆಕ್ಕ ಎರಡು ಪಟ್ಟು ಏರುಪೇರು. ಮೂರನೇದು ಭಾಳ ಮಂದಿಗೆ ತಿಳೀದ ಸಂಗತಿ: ಹರಿದ ಸಾಮಾನಕ್ಕೂ ಕಳೆದ ಸಾಮಾನಕ್ಕೂ ಅಜಗಜಾಂತರ. ಹರಿದ ಟೆಂಟಿನ ತುಂಡು ತಂದು ಕಂಡೆಮ್ನೇಶನ್ ಬೋರ್ಡ್ (ಕೆಟ್ಟ ಸಾಮಾನ ರದ್ದು ಮಾಡೋ ಸಮಿತಿ) ಮುಂದ ಇಟ್ರ ಬರ್ಖಾಸ್ತಾಗಿ ಬದಲಿ ಸಿಗ್ತದ. ಅದೇ ತುಂಡು ಕಸಕ್ಕ ಎಸೆದ್ರ ಅದು 'ನಷ್ಟ', ಅದಕ್ಕ ನಷ್ಟದ ಪತ್ರ, ವಿಚಾರಣಾ, ವಸೂಲಿ. ಇನ್ನು ಟೆಂಟ್ ಅಂದ್ರ ಬಟ್ಟಿ ಒಂದೇ ಅಲ್ಲ. ಕಂಬ, ಗೂಟ, ಹಗ್ಗ, ಕೊಡತಿ ಎಲ್ಲಾ ಬ್ಯಾರೆ ಬ್ಯಾರೆ ಎಣಿಸಬೇಕು. ಒದ್ದಿ ಇದ್ದಾಗ ಮಡಚಿಟ್ಟ ಟೆಂಟ್ ಬೂಷ್ಟು ಹಿಡಿದು, ಮುಂದಿನ ಸಲ ಬಿಚ್ಚಿದಾಗ ಮಡಿಕಿ ಇದ್ದಲ್ಲೆಲ್ಲಾ ಸೀಳ್ತದ.

ಎಂ.ಟಿ. ಲೈನ್, ಶಹಾಪುರ

ಗಾಡಿ ವಿಭಾಗದ್ದು ನಾ ಹೇಳ್ತೀನ್ರಿ. ದಿನಾ ಮೂರು ತಪಾಸಣಿ. ಹೊರಡೋಕ್ಕಿಂತ ಮುಂಚೆ ಫಸ್ಟ್ ಪರೇಡ್: ಆಯಿಲ್, ಕೂಲಂಟ್, ಟೈರ್ ಗಾಳಿ, ಬ್ರೇಕ್, ಲೈಟ್. ದಾರ್ಯಾಗ ನಿಂತಾಗ ಹಾಲ್ಟ್ ಪರೇಡ್: ಚಕ್ರದ ಹಬ್ ಮುಟ್ಟಿ ಬಿಸಿ ನೋಡೋದು, ನಟ್, ಸೋರಿಕಿ, ಲೋಡಿನ ಹಗ್ಗ. ವಾಪಸ್ ಬಂದ ಮ್ಯಾಲ ಲಾಸ್ಟ್ ಪರೇಡ್: ಡೀಸೆಲ್ ತುಂಬಿಸಿ, ಏರ್ ಬ್ರೇಕಿನ ಟ್ಯಾಂಕಿನಿಂದ ನೀರು ಬಿಟ್ಟು, ಕೆಟ್ಟದ್ದು ಬರೆದು ಕೊಟ್ಟು ಮಲಗೋದು. ಈ ಕೊನೇದನ್ನೇ ದಣಿದ ಚಾಲಕ ಬಿಡ್ತಾನ. ಚಳಿ ಜಾಗದಾಗ ಗಾಳಿ ಟ್ಯಾಂಕಿನೊಳಗಿನ ನೀರು ರಾತ್ರಿ ಹೆಪ್ಪುಗಟ್ಟಿದ್ರ ಮುಂಜಾನೆ ಬ್ರೇಕ್ ಬಿಡೋದೇ ಇಲ್ಲ.

ಸಾದಾ ಡೀಸೆಲ್ ಭಾಳ ಥಂಡ್ಯಾಗ ಮೇಣ ಕಟ್ಟಿ ಫಿಲ್ಟರ್ ಮುಚ್ಚತದ. 2019ರಾಗ ಇಂಡಿಯನ್ ಆಯಿಲ್ ಚಳಿಗಾಲದ ಡೀಸೆಲ್ ತಂದದ, ಅದು ಮೈನಸ್ 33 ಡಿಗ್ರಿತನಕ ಹರೀತದ. ಆದ್ರ ಟ್ಯಾಂಕಿನಾಗ ಹಳೇ ಡೀಸೆಲ್ ಉಳಿದಿದ್ರ ಅದರ ಜೋಡಿ ಕೂಡಿ ಗುಣ ಕಡಿಮಿ ಆಗ್ತದ. ಹಿಂಗಾಗಿ ಥಂಡಿ ಬರೋಕ್ಕಿಂತ ಮೊದಲೇ ಬದಲು ಮಾಡಬೇಕು. ಬ್ಯಾಟರಿ ಅಂತೂ ಥಂಡ್ಯಾಗ ತಾಕತ್ತು ಕಳಕೊಳ್ತದ, ಬಿಚ್ಚಿ ಬೆಚ್ಚಗಿನ ಕೋಣ್ಯಾಗ ಇಡೋದು ರೂಢಿ.

200 ಲೀಟರ್ ಬ್ಯಾರಲ್ ನಿಲ್ಲಿಸಿ ಇಟ್ರ ಮುಚ್ಚಳದ ಮ್ಯಾಲ ಮಳಿ ನೀರು ನಿಲ್ತದ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗ ಹೋಗ್ತದ, ರಾತ್ರಿ ಕುಗ್ಗಿ ಆ ನೀರನ್ನೇ ಒಳಗ ಎಳಕೊಳ್ತದ. ಅದಕ್ಕ ಮಲಗಿಸಿ ಇಡಬೇಕು, ಎರಡೂ ಬಿರಡಿ ಗಡಿಯಾರದ 3 ಮತ್ತು 9ರ ಜಾಗದಾಗ ಬರೋ ಹಂಗ.

ಕಾಗದದ ಕಡೆ: ಕಾರ್ ಡೈರ್ಯಾಗ ಹೊರಟ ಮೀಟರ್, ಮುಟ್ಟಿದ ಮೀಟರ್, ಗಾಡಿ ಬಳಸಿದವರ ಸಹಿ. ಲೀಟರ್‌ಗೆ ಎಷ್ಟು ಕಿಲೋಮೀಟರ್ ಅನ್ನೋದು ಪ್ರತಿ ಗಾಡಿಗೂ ಪರೀಕ್ಷಾ ಮಾಡಿ ಬರೆದಿರ್ತಾರ, ಆಡಿಟ್‌ನವರು ಮೊದಲು ನೋಡೋದು ಅದನ್ನೇ.

ನೆಹರು ಗಂಜ್, ಕಲಬುರಗಿ

ಭಾಳ ಉಪಕಾರ ಆಯ್ತ್ರಿ ಇಬ್ಬರಿಂದನೂ. ಲಂಗರ್ ಕಡೆ ಸ್ಟೋರ್‌ನವರ ಕೆಲಸ ಎಷ್ಟರ ಮಟ್ಟಿಗೆ ಇರ್ತದ? ಜ್ವಾಳದ ರೊಟ್ಟಿ ಈಗ ಸೈನ್ಯದಾಗೂ ಬಂದದಂತ, ಖರೇನಾ?

ಲಂಗರ್ ಕಮಾಂಡರ್, ಔರಾದ

ಖರೇ ಅದರೀ. 2023ರಾಗ ಜ್ವಾಳ, ಸಜ್ಜಿ, ರಾಗಿ ಹಿಟ್ಟು ರೇಷನ್‌ಗೆ ತಂದ್ರು, ಅಕ್ಕಿ-ಗೋಧಿ ಹಿಟ್ಟಿನ ಪಾಲಿನಾಗ 25 ಪ್ರತಿಶತ ಮೀರದಂಗ. ಆದ್ರ ನಮ್ಮ ಮನಿಯಂಗ ಬಡಿದ ರೊಟ್ಟಿ ನೂರಾರು ಮಂದಿಗೆ ಆಗೋ ಮಾತಲ್ಲ. ಜ್ವಾಳಕ್ಕ ಜಿಗಿ ಇಲ್ಲ, ಲಟ್ಟಿಸಿದ್ರ ಹರೀತದ. ಗೋಧಿ ಹಿಟ್ಟಿನಾಗ ಕೂಡಿಸಿ, ಎಸರು ನೀರು ಹಾಕಿ ನಾದಿದ್ರ ಹೊಂದಿಕೊಳ್ತದ. ಹಿಟ್ಟು ಹಳೇದಾದ್ರ ಕಹಿ ಬರ್ತದ, ಹಿಂಗಾಗಿ ಇದನ್ನ ಗೋಧಿ ಹಿಟ್ಟಿನಂಗ ಭಾಳ ದಿನ ಕೂಡಿ ಹಾಕಬಾರದು.

ರೇಷನ್ ಎತ್ತೋದು ಆ ದಿನ ಊಟಕ್ಕಿರೋ ತಲೆ ಲೆಕ್ಕದ ಮ್ಯಾಲ. ರಜೆ, ಕೋರ್ಸ್, ಆಸ್ಪತ್ರೆಗೆ ಹೋದವರನ್ನ ಆಫೀಸ್‌ನವರು ಸಂಜೀಕ ತಿಳಿಸಲಿಲ್ಲಂದ್ರ ಹೆಚ್ಚು ಎತ್ತಿದಂಗ ಆಗಿ, ಮುಂದ ಕಡಿತ. ಎತ್ತರದಾಗ ಇನ್ನೊಂದು ತೊಡಕು: 3,500 ಮೀಟರ್‌ನಾಗ ನೀರು ಸುಮಾರು 88 ಡಿಗ್ರಿಗೇ ಕುದೀತದ. ನಮ್ಮ ತೊಗರಿ ಬ್ಯಾಳಿ ತೆರೆದ ಪಾತ್ರ್ಯಾಗ ಗಂಟೆಗಟ್ಟಲೆ ಕುದಿಸಿದ್ರೂ ನುಣ್ಣಗಾಗೋದಿಲ್ಲ, ಸೀಮೆಎಣ್ಣಿ ಸುಮ್ಮನ ಉರೀತದ. ಪ್ರೆಶರ್ ಕುಕ್ಕರ್ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಮ್ಯಾಲ ಹೋಗೋ ಮೊದಲೇ ಇಂಡೆಂಟ್ ಹಾಕಬೇಕು. ಸಣ್ಣ ಸಾಮಾನ, ಮರೆತ್ರ ಊಟ ನಿಲ್ತದ.

ಆದ್ರ ನನ್ನ ಕೇಳಿದ್ರ ಎಲ್ಲಕ್ಕಿಂತ ದೊಡ್ಡದು ನೀರು. ಒಂದು ಟಾಕಿ ಕೆಟ್ರ ಇಡೀ ಕಂಪನಿ ಮಲಗತದ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅನ್ನೋದನ್ನ ಅಂದಾಜಿಗೆ ಬಿಡೋದಿಲ್ಲ, ಹೊರಾಕ್ಸ್ ಪೆಟ್ಟಿಗಿಯಿಂದ ನೋಡ್ತಾರ. ಅದರಾಗ ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು, 2 ಗ್ರಾಂ ಚಮಚ ಇರ್ತಾವ. ಕರಿ ಬಟ್ಟಲಿನಾಗ ಒಂದು ಸಮ ಚಮಚ ಪುಡಿ ಹಾಕಿ, ಸ್ವಲ್ಪ ನೀರಿನಾಗ ಕಲಸಿ, ಗೆರಿತನಕ ನೀರು ತುಂಬಿಸಿ, ಅಲುಗಿಸಿ ತಿಳಿಯಾಗಲಿಕ್ಕ ಬಿಡ್ರಿ. ಬಿಳಿ ಬಟ್ಟಲುಗಳಿಗೆ ಪರೀಕ್ಷಾ ಮಾಡೋ ನೀರು. ಆ ತಿಳಿ ಮೊದಲನೇದಕ್ಕ ಒಂದು ಹನಿ, ಎರಡನೇದಕ್ಕ ಎರಡು, ಹಿಂಗ ಆರನೇದಕ್ಕ ಆರು. ಕಲಕಿ ಅರ್ಧ ತಾಸು ಬಿಡ್ರಿ. ಆಮ್ಯಾಲ ಎಲ್ಲದಕ್ಕೂ ಪಿಷ್ಟ-ಅಯೋಡೈಡ್ ದ್ರಾವಣ ಮೂರು ಮೂರು ಹನಿ. ನೀಲಿ ಬಣ್ಣ ಸ್ಪಷ್ಟ ಕಂಡ ಮೊದಲ ಬಟ್ಟಲು ಮೂರನೇದಾದ್ರ, 455 ಲೀಟರ್‌ಗೆ ಮೂರು ಚಮಚ, ಅಂದ್ರ 6 ಗ್ರಾಂ. ಹಾಕಿ ಒಂದು ತಾಸು ಬಿಟ್ಟು ನೋಡಿದಾಗ ಲೀಟರ್‌ಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಇಲ್ಲಿ ಆಗೋ ತಪ್ಪು ಎರಡು. ನೀರು ರಾಡಿ ಇದ್ದಾಗಲೇ ಪುಡಿ ಹಾಕೋದು: ಕ್ಲೋರಿನ್ ಎಲ್ಲಾ ಮಣ್ಣಿಗೇ ಖರ್ಚಾಗ್ತದ, ಮೊದಲು ಪಟಕ ಹಾಕಿ ತಿಳಿ ಮಾಡಬೇಕು. ಇನ್ನೊಂದು, ಚೀಲ ಬಾಯಿ ಬಿಟ್ಟು ಇಡೋದು. ಹೊಸ ಪುಡ್ಯಾಗ ಸುಮಾರು 33 ಪ್ರತಿಶತ ಕ್ಲೋರಿನ್ ಇರ್ತದ, ಬಿಸಿಲು, ಹಸಿ ತಾಗಿದ್ರ ದಿನೇ ದಿನೇ ಹಾರಿಹೋಗ್ತದ. ನಮ್ಮ ಬೀದರ-ಕಲಬುರಗಿ ಮೇ ತಿಂಗಳಿನಂಥ ಬ್ಯಾಸಗ್ಯಾಗ ಪುಡಿ ಹೆಸರಿಗಷ್ಟೇ ಉಳೀತದ. ನಿಮ್ಮೂರ ಪಂಚಾಯ್ತಿ ಟಾಕಿಗೂ ಇದೇ ಲೆಕ್ಕ, ಗೊತ್ತಿರಲಿ.

ಯುನಿಟ್ ಆಫೀಸ್, ಚಿತ್ತಾಪುರ

ಕಚೇರಿಯ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಸೇರಿಸುತ್ತಿದ್ದೇನೆ. ಜವಾನನ ಮದುವೆ, ಮಗುವಿನ ಜನನ, ರಜೆ, ಬಡ್ತಿ, ಕೋರ್ಸ್ ಎಲ್ಲವೂ 'ಪಾರ್ಟ್ ಟು ಆರ್ಡರ್' ಆಗಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೂ ಸಂಬಳದ ಕಚೇರಿಗೂ ಹೋಗಬೇಕು. ಹೋಗುವವರೆಗೆ ಸರ್ಕಾರದ ಲೆಕ್ಕದಲ್ಲಿ ಅದು ಆಗಿಯೇ ಇಲ್ಲ. ಗುಮಾಸ್ತ ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಬರೆದರೆ ಅದು ಆಧಾರ್‌ಗೆ ತಾಳೆಯಾಗದೆ, ವರ್ಷಗಳ ನಂತರ ಕುಟುಂಬ ಪಿಂಚಣಿ ಬೇಕಾದಾಗ ಆ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಮನೆಗಳು ಕಡಿಮೆ ಇಲ್ಲ. ಹಿರಿಯರು 'ಬರೇ ಗುಮಾಸ್ತಗಿರಿ' ಎಂದರೆ ಇದನ್ನು ದಯವಿಟ್ಟು ಹೇಳಿ.

ಸೈನಿಕ ಅಲ್ಲ ಎನ್ನುವ ಮಾತೂ ಸರಿಯಲ್ಲ. ಗುಮಾಸ್ತ, ಸ್ಟೋರ್ ಕೀಪರ್, ಅಡುಗೆಯವ ಎಲ್ಲರೂ ಬಂದೂಕಿನ ತರಬೇತಿ ಪಡೆದವರೇ. ಓಟವಿರುವ ದೈಹಿಕ ಪರೀಕ್ಷೆ, ರೇಂಜ್ ಫೈರಿಂಗ್, ಪಹರೆ ಅವರಿಗೂ ಇರುತ್ತವೆ.

ಮಾರ್ಚ್ ತಿಂಗಳು ಅನುದಾನ ಮುಗಿಸುವ ತಿಂಗಳು. ಸಾಮಾನು ಬರದೆ ಬಿಲ್ ಪಾಸಾಗುವುದಿಲ್ಲ, 31 ದಾಟಿದರೆ ಹಣ ಹೋಗುತ್ತದೆ. ಅದಕ್ಕೇ ಕೊಟೇಶನ್, ಮಂಜೂರಾತಿ ಡಿಸೆಂಬರ್ ಒಳಗೇ ಮುಗಿಸುವುದು ಜಾಣತನ. ಬ್ರಿಗೇಡ್‌ನ ವಾರ್ಷಿಕ ತಪಾಸಣೆ, ಸ್ಥಳೀಯ ಆಡಿಟ್ ಬಂದಾಗ ಮೇಲಿನವರು ಹೇಳಿದ ಲೆಡ್ಜರ್, ಕಾರ್ ಡೈರಿ, ತಲೆ ಲೆಕ್ಕ ಮೂರನ್ನೂ ಒಂದೇ ಮೇಜಿನ ಮೇಲೆ ತಾಳೆ ನೋಡುತ್ತಾರೆ.

ತಮ್ಮನಿಗೆ: ಪಿಯುಸಿಯಲ್ಲಿ ಒಟ್ಟು 60 ಪ್ರತಿಶತ, ಪ್ರತಿ ವಿಷಯದಲ್ಲಿ 50 ಬೇಕು; ಇಂಗ್ಲಿಷ್ ಮತ್ತು ಅಕೌಂಟ್ಸ್ ಅಂಕ ಮೊದಲು ನೋಡಿಕೊಳ್ಳಲಿ. ಸೇವೆ ನಾಲ್ಕು ವರ್ಷ, ಮುಂದುವರಿಯುವುದು 25 ಪ್ರತಿಶತದವರೆಗೆ, ವರ್ಷಕ್ಕೆ 30 ದಿನ ರಜೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಬೆಳಗಾವಿ ನೇಮಕಾತಿ ಕಚೇರಿಗೆ ಸೇರುತ್ತವೆ. ಈಗಿನಿಂದಲೇ ಇಂಗ್ಲಿಷ್ ಟೈಪಿಂಗ್ ಶುರುಮಾಡಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ತನ್ನ ಮತ್ತು ತಂದೆ-ತಾಯಿಯ ಹೆಸರು ಅಕ್ಷರಶಃ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಅರ್ಜಿಗೆ ಮುಂಚೆಯೇ ತಿದ್ದಿಸಿ.